ಅಲ್ಯುಮಿನಿಯಂಗೆ ಹಿಡಿಯುವುದು ತುಕ್ಕೋ, ಕಿಲುಬೋ, ಬೂಷ್ಟೋ?

ಎಲ್ಲರಿಗೂ ನಮಸ್ಕಾರ.

ಹಳೇ ಬೈಕುಗಳ ಬರಿ ಅಲ್ಯುಮಿನಿಯಂ ಭಾಗಗಳಿಗೆ ಹೊಳಪು ಕೊಟ್ಟು ಕಾಪಾಡಿಕೊಳ್ಳುವುದು ಹೇಗೆ ಅಂತ ಕನ್ನಡದಲ್ಲಿ ಒಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ತೀರ್ಥಹಳ್ಳಿ, ಹೊಸನಗರ, ಕೊಪ್ಪದ ಕಡೆ ಇವತ್ತಿಗೂ ಹಳೇ ಬುಲೆಟ್, ಯೆಜ್ಡಿ ಇಟ್ಟುಕೊಂಡವರಿದ್ದಾರೆ. ಮೈಸೂರಿನ ಯೆಜ್ಡಿ ಕಾರ್ಖಾನೆ ಮುಚ್ಚಿದ್ದು 1996ರಲ್ಲಿ. ಹಾಗಾಗಿ ಇರುವ ಎಂಜಿನ್ ಕವರುಗಳನ್ನೇ ಜೋಪಾನ ಮಾಡಬೇಕು. ಓದಿದವರು ತಾವೇ ಜಗಲಿಯಲ್ಲಿ ಕೂತು ಮಾಡುವ ಹಾಗೆ ಬರೆಯಬೇಕು ಅನ್ನೋದು ನನ್ನ ಆಸೆ. ಕೆಲಸ ಗೊತ್ತು, ಆದರೆ ಕೆಲವು ಪದಗಳ ವಿಷಯದಲ್ಲಿ ನಿಮ್ಮ ಸಹಾಯ ಬೇಕು.

ಮೊದಲನೆಯದೇ ದೊಡ್ಡದು. ಮಳೆಗಾಲ ಮುಗಿಯುವ ಹೊತ್ತಿಗೆ ಎಂಜಿನ್ ಕವರಿನ ಮೇಲೆ ಬೆಳ್ಳಗೆ ಪುಡಿ ಪುಡಿಯಾಗಿ ಏಳುತ್ತದಲ್ಲ, ಅದಕ್ಕೆ ಏನನ್ನಬೇಕು? ಆಗುಂಬೆಯಲ್ಲಿ ವರ್ಷಕ್ಕೆ 7000 ಮಿ.ಮೀ.ಗಿಂತ ಜಾಸ್ತಿ ಮಳೆ ಬೀಳುತ್ತದೆ. ಆ ಸೀಮೆಯಲ್ಲಿ ಗಾಡಿ ಇಟ್ಟವರೆಲ್ಲರೂ ಇದನ್ನು ನೋಡಿರುತ್ತಾರೆ. ಕವರಿನ ಸ್ಕ್ರೂ ತಲೆಯ ಸುತ್ತ ನೋಡಿದರೆ ಚೆನ್ನಾಗಿ ಗೊತ್ತಾಗುತ್ತದೆ. ಸ್ಕ್ರೂ ಉಕ್ಕಿನದು, ಕವರು ಅಲ್ಯುಮಿನಿಯಂದು. ಎರಡರ ನಡುವೆ ನೀರು ನಿಂತರೆ ಸವೆಯುವುದು ಅಲ್ಯುಮಿನಿಯಮ್ಮೇ. ಸ್ಕ್ರೂ ಸುತ್ತ ಬಿಳಿ ಬಳೆ ಕಟ್ಟಿರುತ್ತದೆ. ಉಗುರಿನಲ್ಲಿ ಕೆರೆದರೆ ಪುಡಿ ಉದುರುತ್ತದೆ, ಅಡಿಯಲ್ಲಿ ಸೂಜಿಮೊನೆಯಷ್ಟು ಸಣ್ಣ ಗುಳಿಗಳು. ಸ್ಕ್ರೂ ಬೇರೆ ಕಚ್ಚಿಕೊಂಡಿರುತ್ತದೆ.

ಬರೆಯುವವರು ಸಾಮಾನ್ಯವಾಗಿ ಇದಕ್ಕೆ 'ತುಕ್ಕು' ಅಂದುಬಿಡುತ್ತಾರೆ. ನನಗೆ ಇದು ಒಪ್ಪಿಗೆಯಿಲ್ಲ. ತುಕ್ಕು ಕಬ್ಬಿಣದ್ದು. ಕೆಂಪಗಿರುತ್ತದೆ, ಉಬ್ಬುತ್ತದೆ, ಹಕ್ಕಳೆ ಎದ್ದು ಉದುರುತ್ತದೆ. ಉದುರಿದ ಜಾಗದಲ್ಲಿ ಮತ್ತೆ ಹೊಸ ಕಬ್ಬಿಣಕ್ಕೆ ಹಿಡಿಯುತ್ತದೆ. ಅಲ್ಯುಮಿನಿಯಂ ನಡೆದುಕೊಳ್ಳುವ ರೀತಿಯೇ ಬೇರೆ. ಗಾಳಿ ತಾಗಿದ ಕೂಡಲೇ ಅದರ ಮೇಲೆ ಕಣ್ಣಿಗೆ ಕಾಣದಷ್ಟು ತೆಳ್ಳನೆಯ ಆಕ್ಸೈಡ್ ಪದರ ಕೂರುತ್ತದೆ. ಅದು ಗಟ್ಟಿಯಾಗಿ ಅಂಟಿಕೊಂಡು ಒಳಗಿನ ಲೋಹವನ್ನು ಕಾಯುತ್ತದೆ. ನೀರು, ಕೆಸರು, ಉಪ್ಪು ಸೇರಿ ಆ ಕಾವಲು ಪದರ ಒಡೆದ ಕಡೆ ಮಾತ್ರ ಬಿಳಿ ಪುಡಿ ಏಳುತ್ತದೆ.

ತುಕ್ಕು ಅಂತ ಓದಿದವನು ತುಕ್ಕಿಗೆ ಮಾಡುವುದನ್ನೇ ಮಾಡುತ್ತಾನೆ. ತಂತಿ ಬ್ರಷ್ ತಗೊಂಡು ತಿಕ್ಕುತ್ತಾನೆ, ಇಲ್ಲವೇ ತುಕ್ಕು ತೆಗೆಯುವ ಆಸಿಡ್ ಸುರಿಯುತ್ತಾನೆ. ಉಕ್ಕಿನ ತಂತಿ ಮೆದು ಅಲ್ಯುಮಿನಿಯಂ ಮೇಲೆ ಆಳವಾಗಿ ಗೀರುತ್ತದೆ. ಅದರ ಚೂರುಗಳು ಅಲ್ಲೇ ಹೂತು ಆಮೇಲೆ ನಿಜವಾದ ತುಕ್ಕಿನ ಚುಕ್ಕೆಗಳಾಗುತ್ತವೆ. ಆಸಿಡ್ ಅಂತೂ ಲೋಹವನ್ನೇ ತಿನ್ನುತ್ತದೆ. ಒಂದು ಪದದಿಂದ ಒಂದು ಕವರು ಹಾಳಾಗಬಾರದು ಅಲ್ವಾ?

'ಬಿಳಿ ತುಕ್ಕು' ಅಂದರೆ ಹೇಗೆ ಅಂತ ಕೆಲವರು ಕೇಳಿದರು. ಅದು ಈಗಾಗಲೇ ಸತುವಿನ ಪಾಲಾಗಿದೆ. ಸತು ಲೇಪಿಸಿದ ತಗಡಿನ ಮೇಲೆ ಬರುವ ಬಿಳಿಗೆ ಆ ಹೆಸರು ರೂಢಿಯಲ್ಲಿದೆ.

ಶಿವಮೊಗ್ಗದ ಗ್ಯಾರೇಜುಗಳಲ್ಲಿ ಕೇಳಿಬರುವುದು ಇನ್ನೊಂದು ಮಾತು: "ಅಲ್ಮಿನಿಯಂಗೆ ತುಕ್ಕು ಹಿಡಿಯಲ್ಲ ಸಾರ್, ಬೂಷ್ಟು ಬರುತ್ತೆ." ಈ ಮಾತು ನನಗೆ ತುಂಬಾ ಹಿಡಿಸುತ್ತದೆ. ನೋಡಲು ಬೂಷ್ಟಿನ ಹಾಗೇ ಇರುತ್ತದೆ, ಮಳೆಗಾಲದ ಥಂಡಿಗೇ ಬರುತ್ತದೆ. ಆದರೆ ಮಲೆನಾಡಿನಲ್ಲಿ ಆಷಾಢ ಬಂತೆಂದರೆ ಸೀಟಿಗೆ ನಿಜವಾದ ಬೂಷ್ಟೇ ಬಂದಿರುತ್ತದೆ. ಸೀಟಿನದನ್ನು ಬಟ್ಟೆಯಲ್ಲಿ ಒರೆಸಿದರೆ ಹೋಯಿತು. ಎಂಜಿನ್ನಿನದು ಒರೆಸಿದರೂ ಗುಳಿ ಹಾಗೇ ಉಳಿಯುತ್ತದೆ. ಎರಡಕ್ಕೂ ಒಂದೇ ಹೆಸರಿಟ್ಟರೆ ಓದುವವರು ಸುಮ್ನೆ ಒರೆಸಿ ಬಿಟ್ಟಾರು ಅನ್ನುವ ಅಳುಕು ನನಗೆ.

ಉಳಿದದ್ದು 'ಕಿಲುಬು'. ತಾಮ್ರ, ಹಿತ್ತಾಳೆಗೆ ನಾವೆಲ್ಲ ಬಳಸುವ ಪದ. ಕಿಟ್ಟೆಲ್ ಅವರ ಕೋಶದಲ್ಲೂ ಇದೆ. ಆ ಕೋಶ ಅಚ್ಚಾದದ್ದು 1894ರಲ್ಲಿ. ಅಲ್ಯುಮಿನಿಯಮ್ಮನ್ನು ಅಗ್ಗವಾಗಿ ತೆಗೆಯುವ ವಿಧಾನ ಸಿಕ್ಕಿದ್ದೇ 1886ರಲ್ಲಿ. ಹಾಗಾಗಿ ನಮ್ಮ ಹಿರಿಯರು ಈ ಲೋಹದ ಕಾಯಿಲೆಗೆ ಹೆಸರಿಡದೆ ಹೋದದ್ದು ಸಹಜ. ಉತ್ತರ ಕರ್ನಾಟಕದ ಕಡೆ ಅಲ್ಯುಮಿನಿಯಂ ಪಾತ್ರೆಗೆ 'ಜರ್ಮನ್ ಪಾತ್ರೆ' ಅನ್ನುತ್ತಾರೆ. ಲೋಹದ ಹೆಸರೇ ಹೊರಗಿನಿಂದ ಬಂದದ್ದು, ಇನ್ನು ಅದಕ್ಕೆ ಹಿಡಿಯುವುದರ ಹೆಸರು ಎಲ್ಲಿಂದ ಬರಬೇಕು?

'ಬಿಳಿ ಕಿಲುಬು' ಅನ್ನೋಣ ಅಂತ ನನ್ನ ಮನಸ್ಸು. ಕಿಲುಬು ಕಬ್ಬಿಣದ್ದಲ್ಲ ಅಂತ ಎಲ್ಲರಿಗೂ ಗೊತ್ತು. ಅಂಟಿಕೊಂಡು ಕೂರುತ್ತದೆ, ಬಿಟ್ಟರೆ ಹೆಚ್ಚುತ್ತದೆ ಅನ್ನುವುದೂ ಗೊತ್ತು. ಹಸಿರಿನ ನೆನಪನ್ನು 'ಬಿಳಿ' ಸರಿಮಾಡುತ್ತದೆ. ಒಂದೇ ತೊಂದರೆ: ಕಿಲುಬು ಅಂದ ಕೂಡಲೇ ಕೈ ಹುಣಸೆಹಣ್ಣು, ಉಪ್ಪಿನ ಕಡೆ ಹೋಗುತ್ತದೆ. ಅಲ್ಯುಮಿನಿಯಮ್ಮಿನ ಕಾವಲು ಪದರವನ್ನು ಅಲ್ಲಲ್ಲಿ ಒಡೆದು ಗುಳಿ ಬೀಳಿಸುವುದೇ ಉಪ್ಪು. ಬೂದಿ, ವಾಷಿಂಗ್ ಸೋಡಾ ಕೂಡ ಬೇಡ. ಅವು ಕ್ಷಾರ, ಪದರವನ್ನು ಕರಗಿಸಿ ಲೋಹವನ್ನು ಮಂಕಾಗಿಸುತ್ತವೆ. ಇಷ್ಟನ್ನು ಪದದ ಪಕ್ಕದಲ್ಲೇ ಎಚ್ಚರಿಕೆಯಾಗಿ ಬರೆದರೆ ಸಾಕು ಅನ್ನಿಸುತ್ತದೆ. ನೀವೇನಂತೀರಿ?

ಎರಡನೆಯದು ಕ್ರಿಯಾಪದಗಳ ವಿಷಯ. ಈ ಕೆಲಸದಲ್ಲಿ ಹಂತಗಳಿವೆ, ಎಲ್ಲಕ್ಕೂ 'ಪಾಲಿಶ್ ಮಾಡಿ' ಅಂದರೆ ಗೊಂದಲ. ಮೊದಲು ವಾಟರ್ ಪೇಪರ್, ಅಂದರೆ ನೀರು ಹಾಕಿ ತೇಯುವ ಉಜ್ಜುಕಾಗದ. 400ರಿಂದ ಶುರುಮಾಡಿ 600, 800, 1000, 1500 ಹೀಗೆ ನಯವಾಗುತ್ತಾ ಹೋಗಬೇಕು. ಪ್ರತಿ ಸಲ ಹಿಂದಿನ ಗೀರಿಗೆ ಅಡ್ಡಡ್ಡ ತೇಯಬೇಕು, ಹಳೇ ಗೀರು ಪೂರ್ತಿ ಮಾಯವಾದ ಮೇಲೇ ಮುಂದಿನ ಪೇಪರ್. ಇದಕ್ಕೆ 'ಉಜ್ಜು' ಅಂತ ಇಟ್ಟುಕೊಂಡಿದ್ದೇನೆ. ಆಮೇಲೆ ಬಟ್ಟೆಗೆ ಮೆಟಲ್ ಪಾಲಿಶ್ ಹಚ್ಚಿ ಮಾಡುವ ಕೆಲಸಕ್ಕೆ 'ಬೆಳಗು'. 'ಪಾತ್ರೆ ಬೆಳಗು' ಅನ್ನುವಲ್ಲಿ ಈ ಅರ್ಥ ಜೀವಂತವಾಗಿದೆ. ಕೈಕೆಲಸವೂ ಅದೇ, ಬರುವ ಹೊಳಪೂ ಅದೇ. ಇಷ್ಟು ಒಳ್ಳೆಯ ಪದ ಇರುವಾಗ ಹೊಸದು ಕಟ್ಟುವುದು ಬೇಡ.

ಬೆಳಗುವಾಗ ಬಟ್ಟೆ ಕಪ್ಪಾಗುತ್ತದೆ. ಮೆಕ್ಯಾನಿಕ್‌ಗಳು ಇದಕ್ಕೆ 'ಕಪ್ಪು ಬಿಡುತ್ತೆ' ಅನ್ನುತ್ತಾರೆ. ಈ ಮಾತನ್ನು ಹಾಗೇ ಇಟ್ಟುಕೊಳ್ಳುತ್ತೇನೆ. ಏಕೆಂದರೆ ಅದೇ ಪರೀಕ್ಷೆ. ಕಪ್ಪು ಬಿಟ್ಟರೆ ನೀವು ಬರಿ ಲೋಹವನ್ನು ಮುಟ್ಟಿದ್ದೀರಿ. ಎಷ್ಟು ತಿಕ್ಕಿದರೂ ಬಟ್ಟೆ ಕಪ್ಪಾಗದಿದ್ದರೆ ಮೇಲೆ ಕಂಪನಿಯವರು ಬಳಿದ ಪಾರದರ್ಶಕ ಲೇಪ (ಲ್ಯಾಕರ್) ಇನ್ನೂ ಕೂತಿದೆ. ಮೊದಲು ಅದನ್ನು ಪೇಂಟ್ ರಿಮೂವರ್ ಹಾಕಿ ತೆಗೆಯಬೇಕು. ಆನೊಡೈಸ್ ಮಾಡಿದ, ಅಂದರೆ ವಿದ್ಯುತ್ ಹಾಯಿಸಿ ಆಕ್ಸೈಡ್ ಪದರವನ್ನು ದಪ್ಪ ಮಾಡಿದ ಭಾಗವೂ ಕಪ್ಪು ಬಿಡುವುದಿಲ್ಲ, ಅದನ್ನು ಬೆಳಗಲು ಹೋಗಲೇಬಾರದು.

'ಒಪ್ಪ' ಅನ್ನುವ ಹಳೇ ಪದಕ್ಕೂ ಮೆರುಗು ಅನ್ನುವ ಅರ್ಥವಿದೆ. ನಮ್ಮ ಕಡೆ 'ಒಪ್ಪ ಓರಣ' ಅನ್ನುವ ಜೋಡಿಯಲ್ಲಿ ಮಾತ್ರ ಕೇಳುತ್ತೇನೆ. ಅಕ್ಕಸಾಲಿಗರ ಮನೆಗಳಲ್ಲಿ ಇನ್ನೂ ಬಳಕೆ ಇದ್ದರೆ ದಯವಿಟ್ಟು ತಿಳಿಸಿ. ಕೊನೆಯ ಮೆರುಗಿಗೆ ಆ ಪದ ಸಿಕ್ಕಿದರೆ ನನಗೆ ಬಹಳ ಸಂತೋಷ.

ಮೂರನೆಯದು ವ್ಯಾಕ್ಸ್. ಬೆಳಗಿ ಬಿಟ್ಟರೆ ಹೊಳಪು ನಿಲ್ಲುವುದಿಲ್ಲ, ಮೇಲೊಂದು ತೆಳು ವ್ಯಾಕ್ಸ್ ಬೇಕು. ಪುಸ್ತಕದ ಕನ್ನಡದಲ್ಲಿ 'ಮೇಣ'. ಆದರೆ ಮಲೆನಾಡಿನವರಿಗೆ ಮೇಣ ಅಂದರೆ ಮೊದಲು ನೆನಪಾಗುವುದು ಹಲಸಿನ ಮೇಣ, ಕೈಗಂಟಿದರೆ ಎಣ್ಣೆ ಹಾಕದೆ ಬಿಡದು. 'ಕವರಿಗೆ ಮೇಣ ಹಚ್ಚಿ' ಅಂತ ಬರೆದರೆ ಓದುವವರು ಹೌಹಾರುತ್ತಾರೆ. ಹಾಗಾಗಿ 'ವ್ಯಾಕ್ಸ್' ಅಂತಲೇ ಬಿಡುತ್ತೇನೆ. ಅದರ ಜೊತೆ ಬರುವ ಕ್ರಿಯಾಪದ ಮಾತ್ರ ಸರಿಯಾಗಿರಬೇಕು. 'ಬಳಿಯಿರಿ' ಅಂದರೆ ದಪ್ಪಗೆ ಮೆತ್ತುತ್ತಾರೆ. 'ತೆಳ್ಳಗೆ ಸವರಿ, ಒಣಗಿದ ಮೇಲೆ ಒರೆಸಿ' ಅನ್ನುವುದೇ ಸರಿ. ಸೈಲೆನ್ಸರಿನ ಹತ್ತಿರ ಬಿಸಿಗೆ ಅದು ಬೇಗ ಹೋಗುತ್ತದೆ, ಮತ್ತೆ ಮತ್ತೆ ಸವರಬೇಕು.

ಕೊನೆಗೆ ಒಂದು ಚಿಕ್ಕ ಕೇಳಿಕೆ. ಅಲ್ಯುಮಿನಿಯಂ ಆಕ್ಸೈಡ್ ಹರಳುಗಟ್ಟಿದರೆ ಕುರುಂದದ ಕಲ್ಲು. ಎಮರಿ ಪೇಪರಿನ ಎಮರಿಯಲ್ಲಿ ಇರುವುದೂ ಮುಖ್ಯವಾಗಿ ಅದೇ. ಸಾಣೆ ಹಿಡಿಯುವವರು ಆ ಕಲ್ಲಿನ ಪುಡಿಗೆ ಏನೆಂದು ಕರೆಯುತ್ತಿದ್ದರು? ಸಾಗರ, ಸೊರಬದ ಕಡೆಯವರು, ಮನೆಯಲ್ಲಿ ಹಿರಿಯರನ್ನು ಕೇಳಿ ಬರೆದರೆ ಉಪಕಾರವಾಗುತ್ತದೆ. ಪದದ ಜೊತೆ ಊರಿನ ಹೆಸರನ್ನೂ ಹಾಕಿ.