ಬಾತ್‌ರೂಮ್ ಟೈಲ್ಸ್ ಸಂದು ಕಪ್ಪಾಗಿದೆ: ತೊಳೆಯೋದಾ, ಕೆರೆದು ಹೊಸದು ತುಂಬೋದಾ?

ಪ್ರಶ್ನೆ: ಬೆಂಗಳೂರಿನ ಹಳೇ ಮನೆ, ಬೋರ್‌ವೆಲ್ ನೀರು. 40 ಚದರಡಿ ಬಾತ್‌ರೂಮ್ ನೆಲ, ಒಂದಡಿ ಟೈಲ್ಸ್, 3 ಮಿ.ಮೀ. ಸಂದು, ಬಿಳಿ ಸಿಮೆಂಟ್ ತುಂಬಿದ್ದು. ಆಸಿಡ್ ಹಾಕಿ ಉಜ್ಜಿದರೆ ಬೆಳ್ಳಗಾಗುತ್ತೆ, ಸ್ವಲ್ಪ ದಿನಕ್ಕೆ ಮೊದಲಿಗಿಂತ ಕಪ್ಪು. ಹಳೇದರ ಮೇಲೇ ಎಪಾಕ್ಸಿ (ಬೆರೆಸಿದ ಮೇಲೆ ಗಟ್ಟಿಯಾಗೋ ರಾಳದ ಅಂಟು) ಬಳಿದರೆ ಸಾಕು ಅಂತಾರೆ ಮೇಸ್ತ್ರಿ. ಸರಿನಾ?

ಉತ್ತರ: ಮೊದಲು ಆಸಿಡ್ ನಿಲ್ಲಿಸಿ. ಅದು ಕೊಳೆ ತೆಗೆಯುತ್ತಿಲ್ಲ, ಸಿಮೆಂಟಿನ ಮೇಲ್ಪದರವನ್ನೇ ಕರಗಿಸುತ್ತಿದೆ. ಪ್ರತಿ ಸಲ ಸಂದು ಇನ್ನಷ್ಟು ತರಿಯಾಗಿ, ಆಳವಾಗಿ, ಸೋಪಿನ ಜಿಡ್ಡು ಕೂರೋಕೆ ಜಾಗ ಹೆಚ್ಚಾಗುತ್ತೆ. ಟಾಯ್ಲೆಟ್ ಕ್ಲೀನರ್‌ಗಳಲ್ಲೂ ಹೆಚ್ಚಿನವು ಆಸಿಡ್ಡೇ.

ಒಂದು ಮೊಳೆಯಿಂದ ಸಂದನ್ನು ಕೆರೆದು ನೋಡಿ. ಗಟ್ಟಿಯಾಗಿದ್ದರೆ ತೊಳೆದರೆ ಸಾಕು: ಒಂದು ಲೀಟರ್ ಬಿಸಿನೀರಿಗೆ ಎರಡು ದೊಡ್ಡ ಚಮಚ ಆಕ್ಸಿಜನ್ ಬ್ಲೀಚ್ ಪುಡಿ, ಅಂದರೆ ಸೋಡಿಯಂ ಪರ್ಕಾರ್ಬೊನೇಟ್. ಸಂದಿಗೆ ಸುರಿದು 20 ನಿಮಿಷ ಒಣಗದಂತೆ ನೋಡಿಕೊಂಡು ನೈಲಾನ್ ಬ್ರಷ್‌ನಲ್ಲಿ ಉಜ್ಜಿ. ಕಬ್ಬಿಣದ ಬ್ರಷ್ ಬೇಡ. ಉಳಿದ ದ್ರಾವಣ ಚೆಲ್ಲಿಬಿಡಿ. ಬಾಟಲಿಗೆ ಹಾಕಿ ಮುಚ್ಚಳ ಬಿಗಿದರೆ ಒಳಗೆ ಗ್ಯಾಸ್ ತುಂಬಿ ಸಿಡಿಯಬಹುದು. ಮಾಮೂಲಿ ಬ್ಲೀಚನ್ನು ಆಸಿಡ್ ಜೊತೆ ಬೆರೆಸಲೇಬೇಡಿ, ಕ್ಲೋರಿನ್ ಅನಿಲ ಬರುತ್ತೆ.

ಮೊಳೆ ತಾಗಿಸಿದರೆ ಪುಡಿ ಉದುರುತ್ತಾ? ಹಾಗಾದರೆ ತೊಳೆದು ಪ್ರಯೋಜನವಿಲ್ಲ, ತೆಗೆಯಬೇಕು.

ಪ್ರಶ್ನೆ: ಪುಡಿ ಉದುರ್ತಿದೆ. ಹಾಗಾದ್ರೆ ಮೇಲೆ ಎಪಾಕ್ಸಿ?

ಉತ್ತರ: ಮೇಲೆ ಬಳಿದರೆ ತೆಳು ಪದರ ಪುಡಿಯ ಮೇಲೆ ಕೂರುತ್ತೆ, ಚಕ್ಕೆಯಾಗಿ ಏಳುತ್ತೆ. ಟೈಲ್ ದಪ್ಪದ ಮೂರನೇ ಎರಡು ಭಾಗದಷ್ಟಾದರೂ ಕೆರೆಯಬೇಕು, 8 ಮಿ.ಮೀ. ಟೈಲ್‌ಗೆ ಸುಮಾರು 5 ಮಿ.ಮೀ. ಅದಕ್ಕಿಂತ ಆಳಕ್ಕೆ ಹೋಗಿ ಕೆಳಗಿನ ವಾಟರ್‌ಪ್ರೂಫಿಂಗ್ ಕುಯ್ಯಬೇಡಿ. ಗ್ರೌಟ್ (ಸಂದಿಗೆ ತುಂಬಿದ ವಸ್ತು) ಕೆರೆಯುವ ಕೈ ಉಪಕರಣವಾದ ಗ್ರೌಟ್ ರೇಕ್, ಅಥವಾ ಕಾರ್ಬೈಡ್ ಬ್ಲೇಡಿನ ಮಲ್ಟಿಟೂಲ್ (ಬ್ಲೇಡ್ ಅತ್ತಿತ್ತ ಅದುರುವ ವಿದ್ಯುತ್ ಉಪಕರಣ) ಬಳಸಿ. ಟೈಲ್ ಕತ್ತರಿಸುವ ಗ್ರೈಂಡರ್ ಬೇಡ, ಸ್ವಲ್ಪ ಜಾರಿದರೂ ಟೈಲ್ ಅಂಚಿನ ಹೊಳಪಿನ ಪದರ ಹಾರಿಹೋಗುತ್ತೆ. ಧೂಳಿಗೆ ಮಾಸ್ಕ್ ಹಾಕಿ.

ಆಮೇಲೆ ವ್ಯಾಕ್ಯೂಮ್ ಹಿಡಿದು, ಎರಡು ದಿನವಾದರೂ ನೀರು ಬಳಸದೆ ಒಣಗಿಸಿ. ಎಪಾಕ್ಸಿ ಕೆಲಸ ಕೆಡೋದು ಹೆಚ್ಚಾಗಿ ಇಲ್ಲೇ: ಸಂದಿನಲ್ಲಿ ತೇವ ಉಳಿದರೆ ಹಿಡಿಯಲ್ಲ. ನಿಮ್ಮ ಅಳತೆಗೆ ಸುಮಾರು 600 ಗ್ರಾಂ ಬೇಕು, ಒಂದು ಕೆ.ಜಿ. ಪ್ಯಾಕ್ ತನ್ನಿ. ರೆಸಿನ್ (ರಾಳ), ಹಾರ್ಡನರ್ (ಗಟ್ಟಿಯಾಗಿಸುವ ದ್ರವ), ಫಿಲ್ಲರ್ (ಪುಡಿ) ಮೂರನ್ನೂ ಪ್ಯಾಕಿನಲ್ಲಿ ಹೇಳಿದ ಅನುಪಾತದಲ್ಲಿ ತೂಕ ಮಾಡಿಯೇ ಬೆರೆಸಿ, ಅಂದಾಜಿಗೆ ಬೇಡ. ನಮ್ಮ ಬೇಸಿಗೆಯಲ್ಲಿ ಬೇಗ ಗಟ್ಟಿಯಾಗುತ್ತೆ, ಒಂದೇ ಸಲಕ್ಕೆ ಪೂರ್ತಿ ಕಲಸದೆ ಎರಡು ಸಲ ಮಾಡಿ ಕಲಸಿ. ರಬ್ಬರ್ ಫ್ಲೋಟ್ (ರಬ್ಬರ್ ತಳದ ಚಪ್ಪಟೆ ಕರಣೆ) ಅಡ್ಡಡ್ಡ ಎಳೆದು ತುಂಬಿ, ಟೈಲ್ ಮೇಲಿನ ಅಂಟನ್ನು ಒದ್ದೆ ಸ್ಪಾಂಜ್‌ನಲ್ಲಿ ಆಗಲೇ ಒರೆಸಿ. ಮರುದಿನ ಒರೆಸೋಣ ಅಂದರೆ ಬಿಳಿ ಮಬ್ಬು ಸುಲಭಕ್ಕೆ ಹೋಗಲ್ಲ.

ಇನ್ನೊಬ್ಬರ ಉತ್ತರ: ಸೇರಿಸ್ತೀನಿ. ಗೋಡೆ ನೆಲ ಸೇರೋ ಮೂಲೆಗೆ ಎಪಾಕ್ಸಿ ತುಂಬಿಸಬೇಡಿ. ಅಲ್ಲಿ ಅಲುಗಾಟ ಇರುತ್ತೆ, ಬಿರುಕು ಬಿಡುತ್ತೆ. ಬೂಷ್ಟು ತಡೆಯುವ ಸಿಲಿಕೋನ್ ಹಾಕಿ. ಕೆಳಗಿನ ಮನೆಯ ಸೀಲಿಂಗ್‌ನಲ್ಲಿ ತೇವ ಇದ್ದರೆ ಅದನ್ನು ಗ್ರೌಟ್ ಸರಿಮಾಡಲ್ಲ. ವಾಟರ್‌ಪ್ರೂಫಿಂಗ್, ಪೈಪ್ ನೋಡಿಸಿ ಆಮೇಲೆ ಸಂದಿಗೆ ಕೈ ಹಾಕಿ.