ಕಬಡ್ಡಿ ಸರ್ಟಿಫಿಕೇಟ್ ಯಾರು ಕೊಟ್ಟರೆ ನಡೆಯುತ್ತದೆ? ಈ ಫೆಡರೇಶನ್ ಅಂದರೆ ಯಾವುದು?

ಅಂಕೋಲೆ ಮಾವ:
ಅಕ್ಕನ ಮಗ ಕಬಡ್ಡಿ ಆಡುತ್ತಾನೆ. ಪಿಯುಸಿ ಮುಗಿದಿದೆ, ಲೆಫ್ಟ್ ಕಾರ್ನರ್, ಆ್ಯಂಕಲ್ ಹೋಲ್ಡ್ ಚೆನ್ನಾಗಿದೆ. ಕೊಯ್ಲು ಮುಗಿದ ಮೇಲೆ ಮಳೆ ಹಿಡಿಯುವ ತನಕ ಹೊನ್ನಾವರದಿಂದ ಕಾರವಾರದವರೆಗೆ ಎಲ್ಲಿ ಹೊನಲು ಬೆಳಕಿನ ಪಂದ್ಯಾವಳಿ ಇದ್ದರೂ ಇವನು ಅಲ್ಲೇ. ಈಗ ಹೊರಗಿನವರೊಬ್ಬರು ಬಂದು ‘ಅಖಿಲ ಭಾರತ ಮಟ್ಟದ ಟೂರ್ನಮೆಂಟ್ ಇದೆ, ಫೀ ಕಟ್ಟಿ, ನ್ಯಾಷನಲ್ ಸರ್ಟಿಫಿಕೇಟ್ ಕೊಡುತ್ತೇವೆ, ರೈಲ್ವೆ ಕೆಲಸಕ್ಕೆ ಆಗುತ್ತದೆ’ ಎಂದು ಹೇಳಿ ಹೋಗಿದ್ದಾರೆ. ಲೆಟರ್‌ಹೆಡ್ ಮೇಲೆ ಭಾರತದ ನಕ್ಷೆ, ದೊಡ್ಡ ಸೀಲು ಎಲ್ಲ ಇದೆ. ಹೆಸರಿನಲ್ಲಿ ‘ಫೆಡರೇಶನ್’ ಅಂತಲೂ ಇದೆ. ಅಕ್ಕ ದುಡ್ಡು ಹೊಂದಿಸಲು ಓಡಾಡುತ್ತಿದ್ದಾಳೆ. ಕಬಡ್ಡಿಗೆ ಅಂತ ಇರುವ ಅಸಲಿ ಫೆಡರೇಶನ್ ಯಾವುದು? ಅದು ಮಾಡುವುದಾದರೂ ಏನು? ತಿಳಿದವರು ಹೇಳಿ ಮಾರಾಯ್ರೆ.

ಕುಮಟಾ ರೈಟ್ ಕವರ್:
ಮೊದಲು ಅಕ್ಕನಿಗೆ ಫೋನ್ ಮಾಡಿ, ದುಡ್ಡು ಕೊಡಬೇಡಿ ಎನ್ನಿ. ಉಳಿದದ್ದು ಆಮೇಲೆ.

ಕಬಡ್ಡಿಯ ರಾಷ್ಟ್ರೀಯ ಸಂಸ್ಥೆ ಅಮೆಚೂರ್ ಕಬಡ್ಡಿ ಫೆಡರೇಶನ್ ಆಫ್ ಇಂಡಿಯಾ. ಅದರ ಕೆಳಗೆ ರಾಜ್ಯದ ಸಂಸ್ಥೆ, ರಾಜ್ಯದ ಕೆಳಗೆ ಜಿಲ್ಲಾ ಸಂಸ್ಥೆ. ಹುಡುಗ ಮೇಲೆ ಹೋಗಬೇಕಾದ್ದು ಇದೇ ದಾರಿಯಲ್ಲಿ. ಜಿಲ್ಲಾ ಆಯ್ಕೆಗೆ ಹೋಗಬೇಕು, ಜಿಲ್ಲಾ ತಂಡದಲ್ಲಿ ರಾಜ್ಯ ಚಾಂಪಿಯನ್‌ಶಿಪ್ ಆಡಬೇಕು, ಅಲ್ಲಿ ಕಣ್ಣಿಗೆ ಬಿದ್ದರೆ ರಾಜ್ಯ ತಂಡ, ಆಮೇಲೆ ನ್ಯಾಷನಲ್ಸ್, ಅಂದರೆ ರಾಷ್ಟ್ರೀಯ ಚಾಂಪಿಯನ್‌ಶಿಪ್. ಫೀ ಕಟ್ಟಿ ನೇರವಾಗಿ ನ್ಯಾಷನಲ್ಸ್ ಆಡುವ ಬಾಗಿಲು ಇಲ್ಲ.

ಕೆಲಸದ ವಿಷಯಕ್ಕೆ ಬಂದರೆ, ಕೇಂದ್ರ ಸರ್ಕಾರದಲ್ಲಿ ಗ್ರೂಪ್ ಸಿ ನೇರ ನೇಮಕಾತಿಯಲ್ಲಿ ಶೇ. 5ರವರೆಗೆ ಕ್ರೀಡಾಪಟುಗಳನ್ನು ತೆಗೆದುಕೊಳ್ಳಬಹುದು. ಆದರೆ ಸರ್ಟಿಫಿಕೇಟ್‌ಗೆ ಫಾರಂ ಗೊತ್ತುಮಾಡಿದ್ದಾರೆ. ದೇಶಕ್ಕೆ ಆಡಿದವರಿಗೆ ಫಾರಂ 1, ಸಹಿ ರಾಷ್ಟ್ರೀಯ ಫೆಡರೇಶನ್‌ನ ಕಾರ್ಯದರ್ಶಿಯದ್ದು. ರಾಜ್ಯಕ್ಕೆ ಆಡಿದವರಿಗೆ ಫಾರಂ 2, ಅದಕ್ಕೆ ರಾಷ್ಟ್ರೀಯ ಫೆಡರೇಶನ್ ಅಥವಾ ರಾಜ್ಯ ಸಂಸ್ಥೆಯ ಕಾರ್ಯದರ್ಶಿ. ಅಂತರ ವಿಶ್ವವಿದ್ಯಾಲಯ ಆಡಿದರೆ ವಿಶ್ವವಿದ್ಯಾಲಯದಿಂದ ಫಾರಂ 3, ರಾಷ್ಟ್ರೀಯ ಶಾಲಾ ಕೂಟಕ್ಕೆ ಫಾರಂ 4. ಲೆಟರ್‌ಹೆಡ್‌ನಲ್ಲಿ ಸಿಂಹ ಇರಲಿ ನಕ್ಷೆ ಇರಲಿ, ಈ ನಾಲ್ಕರಲ್ಲಿ ಯಾವುದಕ್ಕೂ ಸೇರದಿದ್ದರೆ ಅದನ್ನು ಗೋಡೆಗೆ ತೂಗುಹಾಕಬಹುದು ಅಷ್ಟೇ. ನಮ್ಮ ಗದ್ದೆ ಪಂದ್ಯಾವಳಿಗಳ ಟ್ರೋಫಿಯೂ ಹಾಗೆಯೇ, ಬೇಜಾರು ಮಾಡಬೇಡಿ.

ಕಾಳಿ ಸೇತುವೆ:
ಫೆಡರೇಶನ್ ಮಾಡುವುದೇನು ಅಂತ ಕೇಳಿದಿರಿ. ಅದಕ್ಕೆ ಸ್ವಲ್ಪ ಹಿಂದೆ ಹೋಗಬೇಕು. ನನಗೆ ಇಷ್ಟದ ವಿಷಯ, ಉದ್ದ ಆದರೆ ಸಹಿಸಿಕೊಳ್ಳಿ.

ಮೊದಲು ಒಂದೊಂದು ಕಡೆ ಒಂದೊಂದು ಆಟ ಇತ್ತು. ಸಂಜೀವಿನಿ ಪದ್ಧತಿಯಲ್ಲಿ ಎದುರಾಳಿ ಔಟಾದರೆ ನಮ್ಮ ಔಟಾದವನು ಮತ್ತೆ ಒಳಗೆ ಬರುತ್ತಾನೆ. ಗಾಮಿನಿಯಲ್ಲಿ ಹಾಗಿಲ್ಲ, ಔಟಾದವನು ತಂಡ ಪೂರ್ತಿ ಔಟಾಗುವ ತನಕ ಹೊರಗೇ ಕೂರಬೇಕು. ಅಮರ್‌ನಲ್ಲಿ ಔಟಾದವನು ಹೊರಗೇ ಹೋಗುವುದಿಲ್ಲ, ಎದುರಾಳಿಗೆ ಒಂದು ಅಂಕ ಸಿಗುತ್ತದೆ, ಆಟ ಮುಂದುವರಿಯುತ್ತದೆ. ಹೀಗಿರುವಾಗ ಪಂಜಾಬಿನವರೂ ಮದ್ರಾಸಿನವರೂ ಒಂದೇ ಅಂಕಣದಲ್ಲಿ ಹೇಗೆ ಆಡಬೇಕು ಹೇಳಿ? 1936ರಲ್ಲಿ ಅಮರಾವತಿಯ ಹನುಮಾನ್ ವ್ಯಾಯಾಮ ಪ್ರಸಾರಕ ಮಂಡಳದವರು ಬರ್ಲಿನ್ ಒಲಿಂಪಿಕ್ಸ್ ಸಮಯದಲ್ಲಿ ಆಟ ತೋರಿಸಿ ಬಂದರು. ಆದರೂ ದೇಶಕ್ಕೆಲ್ಲ ಒಂದು ಸಂಸ್ಥೆ ಆಗಲು 1950 ಬೇಕಾಯಿತು, ಅದೇ ಅಖಿಲ ಭಾರತ ಕಬಡ್ಡಿ ಫೆಡರೇಶನ್. 1952ರಲ್ಲಿ ಮದ್ರಾಸಿನಲ್ಲಿ ಗಂಡಸರ ಮೊದಲ ನ್ಯಾಷನಲ್ಸ್, 1955ರಲ್ಲಿ ಕಲ್ಕತ್ತಾದಲ್ಲಿ ಹೆಂಗಸರದ್ದು. ಈಗಿನ ಅಮೆಚೂರ್ ಫೆಡರೇಶನ್ ಬಂದದ್ದು 1970ರ ದಶಕದ ಆರಂಭದಲ್ಲಿ. ಇವತ್ತು ನಾವು ಟಿವಿಯಲ್ಲಿ ನೋಡುವ ಏಳು ಜನರ ಆಟಕ್ಕೆ ಸಂಜೀವಿನಿಯೇ ಆಧಾರ. ಸೀನಿಯರ್ ಗಂಡಸರಿಗೆ 13 ಮೀಟರ್ ಉದ್ದ 10 ಮೀಟರ್ ಅಗಲದ ಅಂಕಣ, 85 ಕೆಜಿ ತೂಕದ ಮಿತಿ, ಇವೆಲ್ಲ ಬರೆದಿಟ್ಟ ನಿಯಮ.

ನಿಯಮ ಒಂದೇ ಇಲ್ಲದಿದ್ದರೆ ಏನಾಗುತ್ತದೆ ಅಂತ 2023ರ ಹಾಂಗ್‌ಝೌ ಏಷ್ಯನ್ ಗೇಮ್ಸ್ ಫೈನಲ್ ನೋಡಿದವರಿಗೆ ಗೊತ್ತು. ಪವನ್ ಸೆಹ್ರಾವತ್ ರೈಡ್‌ಗೆ ಹೋಗಿ ಯಾರನ್ನೂ ಮುಟ್ಟದೆ ಲಾಬಿಗೆ (ಅಂಕಣದ ಎರಡೂ ಬದಿಯ ಪಟ್ಟಿ, ಮುಟ್ಟದೆ ಅಲ್ಲಿ ಕಾಲಿಟ್ಟರೆ ಔಟ್) ಕಾಲಿಟ್ಟರು, ಹಿಂದೆಯೇ ಇರಾನಿನವರೂ ನುಗ್ಗಿದರು. ಅಂಕ ಎಷ್ಟು, ಯಾರಿಗೆ? ಪ್ರೊ ಕಬಡ್ಡಿ ಲೀಗಿನ ನಿಯಮ ಒಂದು ಹೇಳುತ್ತದೆ, ಅಂತರರಾಷ್ಟ್ರೀಯ ನಿಯಮ ಇನ್ನೊಂದು ಹೇಳುತ್ತದೆ. ಆಟಗಾರರು ಅಂಕಣದಲ್ಲೇ ಕೂತುಬಿಟ್ಟರು. ಕೊನೆಗೆ ಭಾರತ 33-29ರಲ್ಲಿ ಗೆದ್ದಿತು, ಆದರೆ ಆ ಗಲಾಟೆ ನೋಡಲು ಚೆನ್ನಾಗಿರಲಿಲ್ಲ.

ಶಿರಸಿ ಸೋಮಾರಿ:
ಇತಿಹಾಸ ಎಲ್ಲ ಸರಿ ಸಾರ್. ಕಬಡ್ಡಿಗೆ ದುಡ್ಡು, ಹೆಸರು ಬಂದದ್ದು 2014ರಲ್ಲಿ ಪ್ರೊ ಕಬಡ್ಡಿ ಶುರುವಾದ ಮೇಲೆ. ಫೆಡರೇಶನ್ ಏನು ಮಾಡಿತು? ಒಂದೇ ಮನೆಯವರು ಕುರ್ಚಿ ಹಿಡಿದು ಕೂತಿದ್ದರು ಅಲ್ವಾ?

ಕಾಳಿ ಸೇತುವೆ:
ಕೂತಿದ್ದರು, ಅದನ್ನು ಮುಚ್ಚಿಡುವುದೇನಿದೆ. ಜನಾರ್ದನ ಸಿಂಗ್ ಗೆಹ್ಲೋಟ್ 1984ರಿಂದ 2013ರವರೆಗೆ ಅಧ್ಯಕ್ಷರು. ಆಮೇಲೆ ಅವರು ಆಜೀವ ಅಧ್ಯಕ್ಷರಾದರು, ಅವರ ಹೆಂಡತಿ ಮೃದುಲ್ ಭದೌರಿಯಾ ಅಧ್ಯಕ್ಷೆ! ಹಳೆಯ ಆಟಗಾರರೇ ಕೋರ್ಟ್ ಮೆಟ್ಟಿಲು ಹತ್ತಿದರು. 2018ರ ಆಗಸ್ಟ್‌ನಲ್ಲಿ ದೆಹಲಿ ಹೈಕೋರ್ಟ್ ಇಬ್ಬರ ನೇಮಕವನ್ನೂ ರದ್ದು ಮಾಡಿ ಆಡಳಿತಾಧಿಕಾರಿಯನ್ನು ಕೂರಿಸಿತು. ಅದೇ ತಿಂಗಳು ಜಕಾರ್ತದ ಏಷ್ಯನ್ ಗೇಮ್ಸ್‌ನಲ್ಲಿ ನಮ್ಮ ಗಂಡಸರು ಸೆಮಿಫೈನಲ್‌ನಲ್ಲಿ ಇರಾನಿಗೆ ಸೋತರು, ಹೆಂಗಸರು ಫೈನಲ್‌ನಲ್ಲಿ ಇರಾನಿಗೇ ಸೋತರು. 1990ರಿಂದ ಒಮ್ಮೆಯೂ ಗಂಡಸರ ಚಿನ್ನ ಕೈತಪ್ಪಿರಲಿಲ್ಲ.

ಆದರೆ ಇನ್ನೊಂದು ಮಗ್ಗುಲೂ ಇದೆ. 1990ರ ಬೀಜಿಂಗ್ ಏಷ್ಯನ್ ಗೇಮ್ಸ್‌ಗೆ ಕಬಡ್ಡಿ ಹೋದದ್ದು ಅದೇ ಗೆಹ್ಲೋಟ್ ಕಾಲದಲ್ಲಿ. ನಮ್ಮ ಕರಾವಳಿಯ ಕಾರ್ಕಳದ ಮಮತಾ ಪೂಜಾರಿಗೆ ಏಷ್ಯನ್ ಗೇಮ್ಸ್ ಚಿನ್ನ, ಅರ್ಜುನ ಪ್ರಶಸ್ತಿ, ರೈಲ್ವೆ ಕೆಲಸ ಸಿಕ್ಕಿದ್ದು ಲೀಗಿನಿಂದ ಅಲ್ಲ. ಲೀಗಿನಲ್ಲಿ ಹೆಣ್ಣುಮಕ್ಕಳಿಗೆ ಎಷ್ಟು ಜಾಗ ಇದೆ ಅಂತ ನೀವೇ ನೋಡಿ.

ಹಳಿಯಾಳ ಮಟ್ಟಿ:
ನಮ್ಮದು ಕುಸ್ತಿ ಊರು, ಕಬಡ್ಡಿ ನನಗೆ ಅಷ್ಟು ಗೊತ್ತಿಲ್ಲ. ಆದರೆ ಫೆಡರೇಶನ್ ಬೇಕೇ ಬೇಡವೇ ಅನ್ನುವುದಕ್ಕೆ ಉತ್ತರ ನಮ್ಮಲ್ಲಿದೆ. ಸಮಯಕ್ಕೆ ಚುನಾವಣೆ ಮಾಡಲಿಲ್ಲ ಅಂತ 2023ರ ಆಗಸ್ಟ್‌ನಲ್ಲಿ ಕುಸ್ತಿಯ ಅಂತರರಾಷ್ಟ್ರೀಯ ಸಂಸ್ಥೆ ಭಾರತೀಯ ಕುಸ್ತಿ ಫೆಡರೇಶನ್ ಅನ್ನು ಅಮಾನತು ಮಾಡಿತು. ಮುಂದಿನ ತಿಂಗಳೇ ಬೆಲ್‌ಗ್ರೇಡ್‌ನಲ್ಲಿ ವಿಶ್ವ ಚಾಂಪಿಯನ್‌ಶಿಪ್. ಅಂತಿಮ್ ಪಂಘಲ್ ಕಂಚು ಗೆದ್ದು ಪ್ಯಾರಿಸ್ ಒಲಿಂಪಿಕ್ಸ್ ಕೋಟಾ ತಂದಳು, ಆದರೆ ನಮ್ಮ ಬಾವುಟದ ಕೆಳಗೆ ಆಡಲು ಆಗಲಿಲ್ಲ. ಮೇಲಿನವರ ಜಗಳ, ಮಟ್ಟಿಯಲ್ಲಿ ಬೆವರು ಸುರಿಸುವವಳಿಗೆ ಶಿಕ್ಷೆ.

ಕುಮಟಾ ರೈಟ್ ಕವರ್:
ಕಬಡ್ಡಿಯಲ್ಲೂ ಅದೇ ಆಗುವುದರಲ್ಲಿತ್ತು. ಫೆಡರೇಶನ್‌ಗೆ 2023ರ ಡಿಸೆಂಬರ್‌ನಲ್ಲಿ ಚುನಾವಣೆ ಆದರೂ ಅಧಿಕಾರ ಆಡಳಿತಾಧಿಕಾರಿಯ ಕೈಯಲ್ಲೇ ಇತ್ತು, ಹಾಗಾಗಿ ಅಂತರರಾಷ್ಟ್ರೀಯ ಕಬಡ್ಡಿ ಸಂಸ್ಥೆ ನಮ್ಮ ಫೆಡರೇಶನ್‌ಗೆ ಮಾನ್ಯತೆ ಕೊಡಲಿಲ್ಲ, ಮಾನ್ಯತೆ ಇಲ್ಲದೆ ತಂಡ ಕಳಿಸುವಂತಿಲ್ಲ. 2025ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ‘ಗೆದ್ದವರಿಗೆ ಅಧಿಕಾರ ಕೊಡಿ’ ಎಂದಿತು. ಮಾರ್ಚ್‌ನಲ್ಲಿ ನಮ್ಮ ಹೆಣ್ಣುಮಕ್ಕಳು ಟೆಹರಾನ್‌ಗೆ ಹೋಗಿ ಇರಾನನ್ನೇ ಸೋಲಿಸಿ ಏಷ್ಯನ್ ಚಾಂಪಿಯನ್ ಆದರು. ಕೋರ್ಟ್ ಇನ್ನೂ ತಡ ಮಾಡಿದ್ದರೆ ಮನೆಯಲ್ಲೇ ಕೂರಬೇಕಿತ್ತು. ಸೋಮಾರಿಯವರೇ, ಬೈಯೋಣ, ಬೈಯಲೇಬೇಕು, ಆದರೆ ಸುಮ್ನೆ ಫೆಡರೇಶನ್ನೇ ಬೇಡ ಅಂದರೆ ತಂಡ ಕಳಿಸುವವರು ಯಾರು?

ಅಂಕೋಲೆ ಮಾವ:
ಅಕ್ಕನಿಗೆ ಹೇಳಿದೆ, ದುಡ್ಡು ಕೊಟ್ಟಿರಲಿಲ್ಲ, ಬಚಾವ್. ಹುಡುಗ ಮಾತ್ರ ಮುಖ ಊದಿಸಿಕೊಂಡಿದ್ದಾನೆ. ಈಗ ಇವನು ಶುರು ಮಾಡುವುದು ಎಲ್ಲಿಂದ?

ಕುಮಟಾ ರೈಟ್ ಕವರ್:
ಕಾಲೇಜಿಗೆ ಸೇರಿಸಿ, ಮೊದಲು ಅದು. ಡಿಗ್ರಿ ಓದುತ್ತಾ ವಿಶ್ವವಿದ್ಯಾಲಯ ತಂಡಕ್ಕೆ ಬಂದರೆ ಫಾರಂ 3ರ ದಾರಿ ತೆರೆದಿರುತ್ತದೆ, ಅಲ್ಲಿ ಯಾವ ಸಂಸ್ಥೆಯ ಜಗಳವೂ ಅಡ್ಡ ಬರುವುದಿಲ್ಲ. ಜೊತೆಗೆ ಜಿಲ್ಲಾ ಸಂಸ್ಥೆಯವರನ್ನು ಕಂಡು ಜೂನಿಯರ್ ಆಯ್ಕೆ ಯಾವಾಗ ಅಂತ ಕೇಳಿ. ಜೂನಿಯರ್‌ನಲ್ಲಿ ವಯಸ್ಸು, ತೂಕ ಎರಡೂ ನೋಡುತ್ತಾರೆ, ಜನನ ಪ್ರಮಾಣಪತ್ರದಲ್ಲೂ ಆಧಾರ್‌ನಲ್ಲೂ ತಾರೀಖು ಒಂದೇ ಇರಲಿ. ಮತ್ತೆ ಮಣ್ಣಿನಲ್ಲಿ ಮಾತ್ರ ಆಡಿದವರು ಮ್ಯಾಟ್ ಮೇಲೆ ಜಾರುತ್ತಾರೆ, ಒಳ್ಳೆ ಶೂ ಕೊಡಿಸಿ. ಆ ಫೀ ದುಡ್ಡಿನಲ್ಲೇ ಆಗುತ್ತದೆ.