‘ಟೇಬಲ್ ಮಾಡೋಣ’ ಅಂದರೆ ಎತ್ತಿಕೊಳ್ಳೋದಾ, ಎತ್ತಿಡೋದಾ?

ಎಲ್ಲರಿಗೂ ನಮಸ್ಕಾರ. ಒಂದು ಇಂಗ್ಲಿಷ್ ನುಡಿಗಟ್ಟಿಗೆ ಕನ್ನಡದ ಮಾತು ಬೇಕಾಗಿದೆ.

ಈಚೆಗೆ ಅಮೆರಿಕದ ಸಹೋದ್ಯೋಗಿಯೊಬ್ಬರು ನನ್ನ ಪ್ರಸ್ತಾಪ ನೋಡಿ ‘ಲೆಟ್ಸ್ ಟೇಬಲ್ ದಿಸ್’ ಎಂದು ಬರೆದರು. ಸದನದಲ್ಲಿ ವರದಿ ಟೇಬಲ್ ಮಾಡಿದರು ಅಂದರೆ ಮಂಡಿಸಿದರು ಅಂತಲೇ ಓದಿಕೊಂಡು ಬೆಳೆದವನು ನಾನು. ಸರಿ, ನಾಳೆ ಚರ್ಚೆಗೆ ಬರುತ್ತೆ ಅಂತ ರಾತ್ರಿ ಒಂದು ಗಂಟೆವರೆಗೆ ಕೂತು ಲೆಕ್ಕಪತ್ರವನ್ನೆಲ್ಲ ಜೋಡಿಸಿಕೊಂಡು ಹೋದರೆ, ಮೀಟಿಂಗಿನಲ್ಲಿ ಅದರ ಸುದ್ದಿಯೇ ಇಲ್ಲ! ಕೇಳಿದ್ದಕ್ಕೆ, ‘ಅದನ್ನ ಸದ್ಯಕ್ಕೆ ಬಿಟ್ಟಿದ್ದೀವಲ್ಲ’ ಅಂದರು. ಬ್ರಿಟನ್ನಿನಲ್ಲಿ ಟೇಬಲ್ ಮಾಡೋದು ಅಂದರೆ ಚರ್ಚೆಗೆ ಇಡೋದು, ಅಮೆರಿಕದಲ್ಲಿ ಚರ್ಚೆಯಿಂದ ತೆಗೆದು ಪಕ್ಕಕ್ಕಿಡೋದು. ಪೂರ್ತಿ ಉಲ್ಟಾ. ನನ್ನಂಥವರು ಮೋಸಹೋಗೋದು ಬಿಡಿ, ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಎರಡೂ ದೇಶಗಳ ಸೇನಾಧಿಕಾರಿಗಳು ಇದೇ ಪದಕ್ಕೆ ಜೋರಾಗಿ ವಾದ ಮಾಡಿ, ಕೊನೆಗೆ ಇಬ್ಬರೂ ಕೇಳುತ್ತಿರೋದು ಒಂದನ್ನೇ ಅಂತ ಗೊತ್ತಾಯಿತಂತೆ. ಚರ್ಚಿಲ್ ತಮ್ಮ ಯುದ್ಧದ ನೆನಪುಗಳಲ್ಲಿ ಬರೆದಿದ್ದಾರೆ.

ಬ್ರಿಟಿಷ್ ಅರ್ಥಕ್ಕೆ ‘ಮಂಡಿಸು’ ಸಾಕು. ತೊಡಕಿರೋದು ಇನ್ನೊಂದಕ್ಕೆ. ‘ಮುಂದೂಡು’ ಅಂದರೆ ಮುಂದಿನ ತಾರೀಖು ಯಾವಾಗ ಅಂತ ಕೇಳಬೇಕನಿಸುತ್ತೆ. ‘ಮೂಲೆಗೆ ಹಾಕು’ ಅಂದರೆ ಅದರ ಕಥೆ ಮುಗೀತು. ‘ನನೆಗುದಿಗೆ ಬೀಳು’ ಚೆನ್ನಾಗಿದೆ (ಪತ್ರಿಕೆಗಳಲ್ಲಿ ‘ನೆನೆಗುದಿ’ಯೂ ಕಾಣುತ್ತೆ), ಆದರೆ ಅದರಲ್ಲಿ ದೂರಿನ ದನಿ ಇದೆ, ಮೇಲಾಗಿ ಕೆಲಸ ತಾನಾಗಿ ನನೆಗುದಿಗೆ ಬೀಳುತ್ತೆ, ಯಾರೂ ಕೂತು ತೀರ್ಮಾನ ಮಾಡಿ ಬೀಳಿಸೋದಿಲ್ಲ ಅಲ್ವಾ? ನನಗೆ ‘ಎತ್ತಿಡು’ ಹತ್ತಿರ ಅನಿಸುತ್ತೆ. ‘ಇದನ್ನ ಸದ್ಯಕ್ಕೆ ಎತ್ತಿಡೋಣ’. ಎತ್ತಿಟ್ಟಿದ್ದನ್ನ ಮತ್ತೆ ತೆಗೀಬಹುದು, ತೆಗೆಯದೆಯೂ ಇರಬಹುದು. ನಿಮಗೆ ಇದಕ್ಕಿಂತ ಒಳ್ಳೇದು ಹೊಳೆದರೆ ಹೇಳಿ.

ಇದೇ ಗುಂಗಿನಲ್ಲಿ ‘ಕಾಲೆಳೆ’ ತಲೆಗೆ ಬಂತು. ಇಂಗ್ಲಿಷಿನಲ್ಲಿ ಕಾಲೆಳೆಯೋದು ಬರೀ ತಮಾಷೆ, ಸುಳ್ಳು ಹೇಳಿ ನಂಬಿಸಿ ನಗೋದು. ನಮ್ಮಲ್ಲಿ ಅದೂ ಇದೆ, ಮೇಲೆ ಬರುವವರನ್ನ ಕೆಳಗೆ ಜಗ್ಗೋದೂ ಇದೆ. ‘ಆಫೀಸಿನಲ್ಲಿ ಎಲ್ಲರೂ ಅವನ ಕಾಲೆಳೆಯುತ್ತಾರೆ’ ಅಂದರೆ ಅವನು ನಗಬೇಕೋ ಬೇರೆ ಕೆಲಸ ಹುಡುಕಬೇಕೋ? ತಮಾಷೆಯ ಅರ್ಥ ಇಂಗ್ಲಿಷಿನಿಂದ ಬಂದದ್ದು ಅಂತ ನನ್ನ ಊಹೆ. ಹಳೆಯ ಬರಹದಲ್ಲಿ ಈ ಅರ್ಥದಲ್ಲಿ ಯಾರಾದರೂ ಓದಿದ್ದರೆ ಆ ವಾಕ್ಯವನ್ನೇ ಹಾಕಿ.